ಪ್ರೈರಿ ಹುಲ್ಲಿಗೆ ಬೆಂಕಿ ಇಡೋದು ತಪ್ಪಾ?

ಪ್ರಶ್ನೆ: ಮಗಳು ಅಮೆರಿಕದ ನಾರ್ತ್ ಡಕೋಟಾದಲ್ಲಿದ್ದಾಳೆ. ಊರ ಹೊರಗೆ ಕಣ್ಣು ಹಾಯುವಷ್ಟೂ ಹುಲ್ಲು, ಮರವೇ ಇಲ್ಲ. ಮೇ ತಿಂಗಳಲ್ಲಿ ಅದಕ್ಕೆ ಬೇಕೆಂದೇ ಬೆಂಕಿ ಇಟ್ಟರು, ಆಮೇಲೆ ದನ ಬಿಟ್ಟರು. ಅಳಿದುಳಿದ ಹುಲ್ಲುಗಾವಲನ್ನೂ ಹೀಗೆ ಹಾಳು ಮಾಡುವ ಬದಲು ಬೇಲಿ ಹಾಕಿ ಗಿಡ ನೆಡಬಾರದೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಕಾಳಜಿ ಸರಿಯಾಗಿದೆ. ಆದರೆ ಬೇಲಿ ಹಾಕಿ ಸುಮ್ನೆ ಬಿಟ್ಟರೇ ಆ ಹುಲ್ಲುಗಾವಲು ಹಾಳಾಗುತ್ತದೆ.

ಮಗಳು ನೋಡುತ್ತಿರುವುದು ಮಿಶ್ರ ಹುಲ್ಲಿನ ಪ್ರೈರಿ, ಅಂದರೆ ಉತ್ತರ ಅಮೆರಿಕದ ಬಯಲು ಹುಲ್ಲುಗಾವಲು. ಇದರ ಪೂರ್ವಕ್ಕೆ ಮಳೆ ಜಾಸ್ತಿ, ಅಲ್ಲಿ ಆಳೆತ್ತರದ ಹುಲ್ಲು. ಪಶ್ಚಿಮಕ್ಕೆ ಮಳೆ ಕಡಿಮೆ, ಗಿಡ್ಡ ಹುಲ್ಲು. ನಡುವಿನ ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 35ರಿಂದ 60 ಸೆಂಟಿಮೀಟರ್ ಮಳೆ ಬೀಳುವುದರಿಂದ ಎರಡೂ ಬಗೆಯ ಹುಲ್ಲು ಒಟ್ಟಿಗೆ ಬೆಳೆಯುತ್ತವೆ.

ಅವು ಬೆಳೆಯುವ ಹೊತ್ತೂ ಬೇರೆ ಬೇರೆ. ವೆಸ್ಟರ್ನ್ ವೀಟ್‌ಗ್ರಾಸ್, ಗ್ರೀನ್ ನೀಡಲ್‌ಗ್ರಾಸ್ ನಮ್ಮ ಗೋಧಿಯ ಹಾಗೆ ತಂಪು ಹೊತ್ತಿನವು. ಹಿಮ ಕರಗಿದ ಕೂಡಲೇ ಚಿಗುರಿ ಜೂನ್ ಹೊತ್ತಿಗೆ ತೆನೆ ಬಿಡುತ್ತವೆ. ಬ್ಲೂ ಗ್ರಾಮಾ, ಲಿಟಲ್ ಬ್ಲೂಸ್ಟೆಮ್ ಜೋಳ, ರಾಗಿಯ ಹಾಗೆ ಬಿಸಿಲು ಕೇಳುವ ಜಾತಿ. ಮೊದಲಿನವು ಬಾಡುವಾಗ ಇವು ಜೋರಾಗಿ ಬೆಳೆಯುತ್ತವೆ. ಸಾರಜನಕವನ್ನು ಮಣ್ಣಿಗೆ ಸೇರಿಸುವ ಪ್ರೈರಿ ಕ್ಲೋವರ್, ಅಲ್ಲಿನ ಮೂಲನಿವಾಸಿ ಲಕೋಟಾ ಜನ ಅಗೆದು ತಿನ್ನುತ್ತಿದ್ದ ಪ್ರೈರಿ ಟರ್ನಿಪ್ ಗೆಡ್ಡೆ, ಮೊದಲ ವಸಂತದ ಪಾಸ್ಕ್ ಹೂವು ಇವೆಲ್ಲ ಇದೇ ಹುಲ್ಲಿನ ನಡುವೆ ಇರುತ್ತವೆ.

ಈ ಬೆರಕೆಯೇ ಬರಗಾಲದಲ್ಲಿ ನೆಲ ಕಾಯುತ್ತದೆ. 1930ರ ದಶಕದ ಘೋರ ಬರದಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಜಾನ್ ವೀವರ್ ಇದನ್ನು ಹತ್ತಿರದಿಂದ ನೋಡಿ ದಾಖಲಿಸಿದರು. ಲಿಟಲ್ ಬ್ಲೂಸ್ಟೆಮ್ ದೊಡ್ಡ ಪ್ರಮಾಣದಲ್ಲಿ ಸತ್ತಿತು. ಆ ಜಾಗಕ್ಕೆ ವೆಸ್ಟರ್ನ್ ವೀಟ್‌ಗ್ರಾಸ್ ಹಬ್ಬಿತು. ಮಳೆ ಮರಳಿದ ಮೇಲೆ ಹಳೆಯ ಹುಲ್ಲುಗಳು ನಿಧಾನವಾಗಿ ಚೇತರಿಸಿಕೊಂಡವು. ಉತ್ತ ಹೊಲಗಳ ಮಣ್ಣು ದೂಳಾಗಿ ಹಾರಿದ್ದು ಅದೇ ವರ್ಷಗಳಲ್ಲಿ.

ಇನ್ನು ಬೆಂಕಿಯ ಮಾತು. ಈ ಗಿಡಗಳ ಸಂಪತ್ತು ಬಹುಪಾಲು ನೆಲದೊಳಗಿದೆ. ಎಷ್ಟೋ ಬೇರುಗಳು ಒಂದೂವರೆ ಮೀಟರಿಗಿಂತ ಆಳಕ್ಕೆ ಇಳಿಯುತ್ತವೆ. ಮತ್ತೆ ಚಿಗುರುವ ಮೊಗ್ಗು ಬುಡದಲ್ಲೋ ಮಣ್ಣಿನಡಿಯಲ್ಲೋ ಇರುತ್ತದೆ. ಬೆಂಕಿ ಮೇಲಿನ ಒಣ ಹುಲ್ಲನ್ನು ಸುಟ್ಟು ಹೋಗುತ್ತದೆ, ಮೊಗ್ಗು ಉಳಿಯುತ್ತದೆ. ಮರದ ಸಸಿಗೆ ಈ ಅನುಕೂಲ ಇಲ್ಲ, ಹೆಚ್ಚಿನವು ಸುಟ್ಟೇ ಹೋಗುತ್ತವೆ. ಸಿಡಿಲಿನಿಂದ ಹೊತ್ತಿದ ಬೆಂಕಿ, ಮೂಲನಿವಾಸಿಗಳು ಇಟ್ಟ ಬೆಂಕಿ, ಸುಟ್ಟ ಜಾಗದ ಎಳೆ ಚಿಗುರನ್ನು ಹುಡುಕಿ ಬರುತ್ತಿದ್ದ ಕಾಡೆಮ್ಮೆ ಹಿಂಡು: ಸಾವಿರಾರು ವರ್ಷ ಈ ಹುಲ್ಲು ಬೆಳೆದದ್ದೇ ಇವುಗಳ ಜೊತೆ. ಕೋಟಿಗಟ್ಟಲೆ ಇದ್ದ ಆ ಕಾಡೆಮ್ಮೆಗಳನ್ನು, ಅಂದರೆ ಬೈಸನ್‌ಗಳನ್ನು, 1880ರ ದಶಕ ಮುಗಿಯುವಷ್ಟರಲ್ಲಿ ಸುಮಾರು ಸಾವಿರಕ್ಕೆ ಇಳಿಸಿದ್ದು ಮನುಷ್ಯರೇ. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈಗ ಅವುಗಳ ಕೆಲಸವನ್ನು ಅಷ್ಟಿಷ್ಟು ದನಗಳು ಮಾಡಬೇಕಿದೆ.

ಬೆಂಕಿಯೂ ಇಲ್ಲ, ಮೇಯುವಿಕೆಯೂ ಇಲ್ಲ ಎಂದರೆ ಒಣ ಹುಲ್ಲು ಚಾಪೆಯಂತೆ ನೆಲ ಮುಚ್ಚುತ್ತದೆ. ಅಲ್ಲಿ ಹೊರಗಿನಿಂದ ಬಂದ ಕೆಂಟುಕಿ ಬ್ಲೂಗ್ರಾಸ್, ಸ್ಮೂತ್ ಬ್ರೋಮ್ ಹಬ್ಬಿ ಹೂಗಿಡಗಳನ್ನು ಹೊಸಕಿಬಿಡುತ್ತವೆ. ಈ ಎರಡೂ ಬೇಗ ಚಿಗುರುವ ಹುಲ್ಲುಗಳು. ಅವು ಹಸಿರಾಗಿ, ಬಿಸಿಲಿನ ಹುಲ್ಲು ಇನ್ನೂ ಏಳದ ಹೊತ್ತು ನೋಡಿ ಸುಟ್ಟರೆ ಪೆಟ್ಟು ಅವಕ್ಕೇ ಜಾಸ್ತಿ. ಮೇ ತಿಂಗಳ ಬೆಂಕಿಗೆ ಇದೇ ಕಾರಣ ಇರಬಹುದು. ಪ್ರತಿ ವರ್ಷ ಅದೇ ಹೊತ್ತಿಗೆ ಸುಟ್ಟರೆ ಮಾತ್ರ ವೀಟ್‌ಗ್ರಾಸ್‌ನಂಥ ನಾಡ ಹುಲ್ಲಿಗೂ ಏಟು ಬೀಳುತ್ತದೆ.

ಗಿಡ ನೆಡುವ ಯೋಚನೆ ಖಂಡಿತ ಬೇಡ. ನಿಮ್ಮ ಪಕ್ಕದ ರಾಣೆಬೆನ್ನೂರಿನಲ್ಲೇ ಕೃಷ್ಣಮೃಗಗಳ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟರು. ಕೃಷ್ಣಮೃಗಕ್ಕೆ ಬೇಕಿದ್ದ ಬಯಲು ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಮಗಳಿಗೆ ಮುಂದಿನ ಜೂನ್‌ನಲ್ಲಿ ಅಲ್ಲಿ ಬಗ್ಗಿ, ಹುಲ್ಲನ್ನು ಕೈಯಿಂದ ಸರಿಸಿ ಬುಡ ನೋಡಲು ಹೇಳಿ. ನಾಲ್ಕಾರು ಬಗೆಯ ಎಲೆ, ನಡುವೆ ಹೂಗಿಡ ಕಂಡರೆ ಮಾಲೀಕರು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೆ. ಇಡೀ ಬೇಸಿಗೆ ಒಂದೇ ಕಡೆ ದನ ನಿಂತು ನೆಲ ಬರಿದಾಗಿದ್ದರೆ ಆಗ ಚಿಂತೆ ಮಾಡಬೇಕು. ಮೇಯಿಸಿದ ಹುಲ್ಲಿಗೆ ಮತ್ತೆ ಬೇರು ತುಂಬಿಕೊಳ್ಳಲು ಬಿಡುವು ಬೇಕು.