ಥೈರಾಯ್ಡ್ ಗಂಟಿನ ಸೂಜಿ ಪರೀಕ್ಷೆಗೆ ಮತ್ತು ಬರಿಸುತ್ತಾರಾ?

ಸೂಜಿ ಕಂಡರೆ ಕೈಕಾಲು ನಡುಗುತ್ತದೆ, ಎಫ್‌ಎನ್‌ಎಸಿಯನ್ನು (ಗಂಟಿಗೆ ಸಣ್ಣ ಸೂಜಿ ಚುಚ್ಚಿ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಮತ್ತು ಬರಿಸಿ ಮಾಡಬಹುದಾ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ದೊಡ್ಡವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬೇಡ ಎನ್ನಲು ಗಟ್ಟಿ ಕಾರಣವೂ ಇದೆ.

ಉಗುಳು ನುಂಗಿದಾಗ ಥೈರಾಯ್ಡ್ ಗಂಟಲಿನ ಜೊತೆಗೇ ಮೇಲೆ ಹೋಗಿ ಕೆಳಗೆ ಬರುತ್ತದೆ. ಸೂಜಿ ಒಳಗಿರುವಾಗ ಹಾಗಾದರೆ ತುದಿ ಗಂಟಿನಿಂದ ಜಾರುತ್ತದೆ. ಪಕ್ಕದಲ್ಲೇ ದೊಡ್ಡ ರಕ್ತನಾಳ, ಹಿಂದೆ ಶ್ವಾಸನಾಳ. ಅದಕ್ಕೇ ವೈದ್ಯರು "ಈಗ ನುಂಗಬೇಡಿ, ಮಾತಾಡಬೇಡಿ" ಎನ್ನುತ್ತಾರೆ. ಅರೆನಿದ್ದೆಯಲ್ಲಿರುವವರು ಅದನ್ನು ಪಾಲಿಸಲಾರರು. ಮೇಲಾಗಿ, ಮತ್ತಿನಲ್ಲಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿಗೆ ಅಡ್ಡಿಯಾಗಬಹುದು. ದೊಡ್ಡ ಗಂಟು ಶ್ವಾಸನಾಳವನ್ನು ಒತ್ತುತ್ತಿದ್ದರಂತೂ ಅಪಾಯ ಇನ್ನೂ ಹೆಚ್ಚು.

ಸೂಜಿ ಸಾಮಾನ್ಯವಾಗಿ 25 ಅಥವಾ 27 ಗೇಜ್, ರಕ್ತ ತೆಗೆಯುವ ಸೂಜಿಗಿಂತ ಸಣ್ಣದು. ಹೆಚ್ಚಾಗಿ 2ರಿಂದ 5 ಸಲ ಚುಚ್ಚುತ್ತಾರೆ, ಪ್ರತಿ ಸಲ ಕೆಲವೇ ಸೆಕೆಂಡು. ಮೊದಲು ಚರ್ಮದಡಿ 1–2 ಮಿ.ಲೀ. ಲಿಡೊಕೇನ್ (ಮರಗಟ್ಟಿಸುವ ಔಷಧಿ) ಹಾಕಿಸಿಕೊಳ್ಳಿ, ಅದು ಚುರ್ರೆಂದು ಉರಿದು ಆಮೇಲೆ ಜೋಮು ಹಿಡಿಯುತ್ತದೆ. ಆ ಚುಚ್ಚಿಗೂ ಹೆದರಿಕೆಯಾದರೆ ಒಂದು ಗಂಟೆ ಮೊದಲೇ ಮರಗಟ್ಟಿಸುವ ಕ್ರೀಮ್ ಹಚ್ಚಿಸಿಕೊಳ್ಳಬಹುದು. ಒಳಗೆ ಒತ್ತಿದಂತಾಗುವುದು ಮಾತ್ರ ಪೂರ್ತಿ ಹೋಗುವುದಿಲ್ಲ.

ಇಷ್ಟಾದರೂ ಧೈರ್ಯ ಸಾಲದಿದ್ದರೆ ಒಂದು ಆತಂಕದ ಮಾತ್ರೆ ಕೇಳಿ. ಲೊರಾಜೆಪಾಮ್ 0.5ರಿಂದ 1 ಮಿ.ಗ್ರಾಂ ಅಥವಾ ಆಲ್ಪ್ರಜೋಲಾಮ್ 0.25 ಮಿ.ಗ್ರಾಂ, ಸುಮಾರು ಒಂದು ಗಂಟೆ ಮೊದಲು. ಇದನ್ನು ವೈದ್ಯರೇ ಬರೆದುಕೊಡಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೆ ನುಂಗಿ. ಜೊತೆಗೊಬ್ಬರು ಇರಲಿ, ಅಂದು ಗಾಡಿ ಓಡಿಸಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಶ್ವಾಸಕೋಶದ ಕಾಯಿಲೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಮದ್ಯ, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಿ. ಮನೆಯಲ್ಲಿರುವ ನಿದ್ದೆ ಮಾತ್ರೆಯನ್ನು ಗುಟ್ಟಾಗಿ ನುಂಗಿ ಹೋಗಲೇಬೇಡಿ.

ರಕ್ತನಾಳದ ಮೂಲಕ ಮತ್ತಿನ ಔಷಧಿ ಕೊಡುವುದು ನಡುಕ ನಿಲ್ಲದವರಿಗೆ, ಸಹಕರಿಸಲು ಆಗದವರಿಗೆ. ಆಗ ಉಪವಾಸ, ಆಮ್ಲಜನಕ, ಮಾನಿಟರ್, ಪಕ್ಕದಲ್ಲಿ ಅರಿವಳಿಕೆ ತಜ್ಞರು, ಎಲ್ಲವೂ ಬೇಕು.

ಮಲಗುವ ಮೊದಲು ಒಂದು ಗುಟುಕು ನೀರು ಕುಡಿದು, ಕೆಮ್ಮಿ ಗಂಟಲು ಸರಿಮಾಡಿಕೊಳ್ಳಿ. ನುಂಗಬೇಕೆನಿಸಿದರೆ ಬೆರಳೆತ್ತುತ್ತೇನೆ ಎಂದು ಮೊದಲೇ ಹೇಳಿಟ್ಟರೆ ಸೂಜಿ ಹೊರತೆಗೆದು ನಿಲ್ಲಿಸುತ್ತಾರೆ. ನನ್ನ ಪ್ರಕಾರ ಭಯ ಇಳಿಸಲು ಮಾತ್ರೆಗಿಂತ ಇದೇ ಮೇಲು. ರಕ್ತ ತೆಳುವಾಗಿಸುವ ಔಷಧಿ ಇದ್ದರೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಮುಗಿದ ಮೇಲೆ 5–10 ನಿಮಿಷ ಒತ್ತಿ ಹಿಡಿದು, ನಿಧಾನವಾಗಿ ಎದ್ದು ಕೂರಿ. ಮನೆಗೆ ಹೋದ ಮೇಲೆ ಕುತ್ತಿಗೆ ಊದುತ್ತಲೇ ಹೋದರೆ, ಉಸಿರಾಡಲು ಕಷ್ಟವಾದರೆ, ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.