ಶುಂಠಿ ಸೋಡಾದ ಹುಳಿಹೆಪ್ಪಿಗೆ ನೊರೆ ಬಾರದಿದ್ದರೆ

ಮಂಜೇಶ್ವರದ ಮನೆಯಲ್ಲಿ ಬಿಯರ್ ಮಾಡುವ ಮೊದಲು ಶುಂಠಿ ಸೋಡಾ ಕಲಿಯಲು ಹೊರಟಿದ್ದೀರಿ, 4 ದಿನವಾದರೂ ಹೆಪ್ಪಿನಲ್ಲಿ (ಸೋಡಾ ಹುದುಗಿಸಲು ಶುಂಠಿ, ಸಕ್ಕರೆ, ನೀರು ಸೇರಿಸಿಟ್ಟ ಮಿಶ್ರಣ) ಗುಳ್ಳೆ ಇಲ್ಲ ಎಂದಿರಿ. ಬಿಯರ್ ಆಸೆ ಬಿಡಿ. ಕೇರಳದಲ್ಲಿ ಪರವಾನಗಿ ಇಲ್ಲದೆ ಅದನ್ನು ಮಾಡುವುದು ಅಬ್ಕಾರಿ ಅಪರಾಧ.

ನನಗೆ ಅನುಮಾನ ನೀರಿನ ಮೇಲೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದೀರಾ? ಅದರ ಕ್ಲೋರಿನ್ ಯೀಸ್ಟನ್ನು, ಅಂದರೆ ಹುದುಗು ಬರಿಸುವ ಸೂಕ್ಷ್ಮಜೀವಿಯನ್ನು, ಕೊಲ್ಲುತ್ತದೆ. ನೀರು ಕುದಿಸಿ, ಪೂರ್ತಿ ಆರಿಸಿ ಬಳಸಿ. ಇನ್ನೊಂದು, ಶುಂಠಿಯ ಸಿಪ್ಪೆ ತೆಗೆಯಬೇಡಿ. ಯೀಸ್ಟ್ ಇರುವುದೇ ಅಲ್ಲಿ. ಹೆಪ್ಪಿಗೆ ಅಳತೆ: ಅರ್ಧ ಲೀಟರ್ ನೀರಿಗೆ ತುರಿದ ಶುಂಠಿ, ಸಕ್ಕರೆ ತಲಾ 2 ದೊಡ್ಡ ಚಮಚ, ಆಮೇಲೆ ದಿನಾ ತಲಾ 1 ಚಮಚ. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ. ಮೇಲೆ ಕಪ್ಪು, ಹಸಿರು ಬೂಷ್ಟು ಬಂದರೆ ಚೆಲ್ಲಿಬಿಡಿ, ಸೋಸಿ ಉಳಿಸಲು ಹೋಗಬೇಡಿ.

ನೊರೆ ಬಂದ ಮೇಲೆ: 2 ಲೀಟರ್ ನೀರಲ್ಲಿ 100 ಗ್ರಾಂ ಶುಂಠಿ, 200 ಗ್ರಾಂ ಸಕ್ಕರೆ ಕುದಿಸಿ, ಕೈಗೆ ಬಿಸಿ ತಾಗದಷ್ಟು ಆರಿಸಿ, ಸೋಸಿ, 2 ಲಿಂಬೆ ರಸ ಮತ್ತು 120 ಮಿ.ಲೀ. ಹೆಪ್ಪಿನ ನೀರು ಸೇರಿಸಿ. ಬಿಸಿಯಲ್ಲೇ ಸುರಿದರೆ ಯೀಸ್ಟ್ ಸತ್ತೇ ಹೋಗುತ್ತದೆ. ಸೋಡಾದ ಪ್ಲಾಸ್ಟಿಕ್ ಬಾಟಲಿಯೇ ಬೇಕು, ಗಾಜು ಒಡೆದೀತು. ಮೇಲೆ 2 ಇಂಚು ಖಾಲಿ ಬಿಡಿ. ನಮ್ಮ ಕರಾವಳಿ ಸೆಕೆಗೆ ಒಂದೆರಡು ದಿನ ಸಾಕು. ಒತ್ತಿದರೆ ಬಾಟಲಿ ಕಲ್ಲಿನಂತಿದ್ದರೆ ಕೂಡಲೇ ಫ್ರಿಜ್ಜಿಗಿಡಿ. ಹೊರಗೇ ಬಿಟ್ಟಷ್ಟೂ ಒತ್ತಡವೂ ಆಲ್ಕೋಹಾಲೂ ಏರುತ್ತವೆ.