ಕಂಡರೂ ಹುಡುಕಿದರೆ ಸಿಗದ ‘ಗೋರೆಗಾಂವ್’

ಮುಂಬಯಿಯ ಸದಸ್ಯರ ಪಟ್ಟಿಯಲ್ಲಿ ‘ಗೋರೆಗಾಂವ್’ ಕಣ್ಣೆದುರೇ ಇದ್ದರೂ ಪೈಥಾನ್ ಪ್ರೋಗ್ರಾಮಿನ ಹುಡುಕಾಟಕ್ಕೆ ಸಿಗದಿದ್ದರೆ, ಫಾಂಟನ್ನು ಬೈಯುವ ಮೊದಲು ಪಟ್ಟಿಯ ಪದ, ಹುಡುಕುಪದ ಎರಡರ ಪ್ರತಿ ಅಕ್ಷರಕ್ಕೂ ಆರ್ಡ್ (ord, ಅಕ್ಷರದ ಯೂನಿಕೋಡ್ ಸಂಖ್ಯೆ ಕೊಡುವ ಪೈಥಾನ್ ಫಂಕ್ಷನ್) ಹಾಕಿ ನೋಡಿ. ‘ಗೋ’ದ ಓತ್ವ ಒಂದೆಡೆ 3275 ಎಂಬ ಒಂದೇ ಸಂಕೇತ, ಇನ್ನೊಂದೆಡೆ 3270, 3266, 3285 ಎಂಬ ಮೂರು ತುಂಡು ಆಗಿರಬಹುದು. ಪರದೆಯಲ್ಲಿ ಎರಡೂ ಒಂದೇ; ಹೋಲಿಕೆಯಲ್ಲಿ ಬೇರೆ. ಪಟ್ಟಿ, ಹುಡುಕುಪದ ಎರಡನ್ನೂ ಇಂಥ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್ ರೂಪವಾದ ಎನ್‌ಎಫ್‌ಸಿಗೆ ನಾರ್ಮಲೈಸ್ ಮಾಡಿ. ಒಂದನ್ನಷ್ಟೇ ಮಾಡಿದರೆ ಗೋಳು ತಪ್ಪದು.

ಆಮೇಲೂ ಸಿಗದಿದ್ದರೆ 8204, 8205 ಎಂಬ ಸಂಕೇತಗಳು ಇವೆಯೇ ನೋಡಿ. ಅಕ್ಷರಗಳನ್ನು ಕೂಡಿಸುವ ಇಲ್ಲವೇ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಈ ಸಂಕೇತಗಳನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಹುಡುಕಾಟಕ್ಕೆಂದು ಮಾಡಿದ ಪ್ರತಿಯಲ್ಲಿ ಮಾತ್ರ ತೆಗೆಯಿರಿ. ಮೂಲದಲ್ಲೇ ಅಳಿಸಿದರೆ ‘ಗೋರೆಗಾಂವ್‌ನಲ್ಲಿ’ ಹೋಗಿ ‘ಗೋರೆಗಾಂವ್ನಲ್ಲಿ’ ಆಗುತ್ತದೆ, ಓದಲು ಹಿಂಸೆ.

ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವಾದರೆ ಇದ್ಯಾವುದೂ ನಾಟದು. ಅದರೊಳಗಿರುವುದು ಯೂನಿಕೋಡ್ ಕನ್ನಡವೇ ಅಲ್ಲ, ಮೊದಲು ಯೂನಿಕೋಡ್ ಪರಿವರ್ತಕಕ್ಕೆ ಹಾಕಿ.